ಸಿರ್ಮಾ ಹೊತ್ತು ತಂದ ಮಾತಿಲ್ಲದ ನೀರು

ಆರ್ಮಿತ್ಸಾದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಇಗರ್ಜಿಯ ಹಿಂದಿನ ಗೋಡೆಯ ಮೇಲೆ ಮಾತ್ರ, ಅದೂ ಒಂಟಿಕಾಲಲ್ಲಿ ನಿಂತರೆ. ಸಿರ್ಮಾಳ ದನಿ ಹಾಗಲ್ಲ. ಅದು ಊರಿನ ಎಲ್ಲ ಮೂಲೆಯಲ್ಲೂ ಸಿಗುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅವಳು ಗಂಡನನ್ನು ಊಟಕ್ಕೆ ಕರೆದರೆ, ಮೂರು ಇಳಿಜಾರಿನಾಚೆ ಮಂದೆ ಮೇಯಿಸುತ್ತಿರುವ ಗೂಶಾ ಅಲ್ಲಿಂದಲೇ ಕೋಲೆತ್ತಿ ತೋರಿಸುತ್ತಾನೆ. ಅವನ ಜೊತೆಗೆ ಇನ್ನೂ ನಾಲ್ಕು ಮನೆಯ ಗಂಡಂದಿರು ಹೊತ್ತಾಯಿತೆಂದು ಎದ್ದು ಪ್ಯಾಂಟು ಕೊಡವಿಕೊಳ್ಳುತ್ತಾರೆ.

ಅವಳು ಹುಟ್ಟಿದ್ದೇ ದಾರಿಯಲ್ಲಿ. ವಸಂತ ಬಂತೆಂದರೆ ವ್ಲಾಖ್ ಕುರಿಗಾರರು ಥೆಸಲಿಯ ಬಯಲು ಬಿಟ್ಟು ಹೆಂಡಿರು ಮಕ್ಕಳು, ಕುರಿ, ನಾಯಿ, ಹೇಸರಗತ್ತೆ ಎಲ್ಲವನ್ನೂ ಹೊರಡಿಸಿಕೊಂಡು ಪಿಂಡಸ್ ಬೆಟ್ಟ ಹತ್ತುತ್ತಿದ್ದ ಕಾಲ ಅದು. ಅವಳ ತಾಯಿಗೆ ಏರಿನ ಮಧ್ಯದಲ್ಲಿ ನೋವು ಬಂತು. ಒಂದು ಪೈನ್ ಮರದ ಕೆಳಗೆ ಕಂಬಳಿ ಹಾಸಿದರು. ಹಾಲು ಕರೆಯಲು ಬೇಕಾಗುವಷ್ಟೇ ಹೊತ್ತು ದಂಡು ನಿಂತಿತು, ಮತ್ತೆ ಹೊರಟಿತು. ತನ್ನ ದನಿಗೆ ಸಿರ್ಮಾ ಕೊಡುವ ಕಾರಣ ಇದೇ. "ಅಷ್ಟು ಕುರಿಗಳ ಗಂಟೆ ಸದ್ದಲ್ಲಿ ಸಣ್ಣಗೆ ಅತ್ರೆ ಯಾರಿಗೆ ಕೇಳ್ಬೇಕು? ಜೋರಾಗೇ ಅತ್ತೆ. ಆಮೇಲೆ ಕಡಿಮೆ ಮಾಡೋದು ಹೆಂಗೆ ಅಂತ ಯಾರೂ ಹೇಳ್ಕೊಡ್ಲಿಲ್ಲ."

ಅರವತ್ತೆಂಟು ವರ್ಷದಲ್ಲಿ ಆ ನಾಲಿಗೆಗೆ ರಜೆ ಸಿಕ್ಕಿದ್ದು ಒಂದೇ ಸಲ. ಗಂಟಲು ಕಟ್ಟಿ ಹತ್ತು ದಿನ ದನಿ ಹೊರಡಲಿಲ್ಲ. ಆ ಹತ್ತು ದಿನವೂ ಅವಳ ಕುರಿಗಳು ಅರ್ಧಕ್ಕರ್ಧ ಹಾಲು ಕೊಟ್ಟವು. ಹಾಲು ಕರೆಯುತ್ತಾ ಅವಳು ಊರಿನ ಸುದ್ದಿಯನ್ನೆಲ್ಲ ಕುರಿಗಳ ಕಿವಿಗೆ ಹಾಕುತ್ತಿದ್ದಳು. ಯಾರ ಸೊಸೆ ಹೇಗೆ, ಯಾರ ಗಿಣ್ಣು ಯಾಕೆ ಒಡೆಯಿತು, ಪಾದ್ರಿಗೆ ಈ ಸಲ ಏನು ಕೋಪ. ಸುದ್ದಿ ಇಲ್ಲದೆ ಅವು ಹಾಲು ಇಳಿಸಲಿಲ್ಲ. ಪಾಪ, ಗೂಶಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಾನೇ ಏನಾದರೂ ಹೇಳೋಣವೆಂದು ನೋಡಿದ. ಅವನಿಗೆ ಹೊಳೆದದ್ದು "ಮೋಡ ಆಗಿದೆ" ಎನ್ನುವುದೊಂದೇ. ಕುರಿ ತಿರುಗಿ ನೋಡಿ ಒದ್ದಿತು.

ಆ ಗೂಶಾನನ್ನು ಕಂಡು ಅಯ್ಯೋ ಅನ್ನುವವರಿಗೆ ಅವನು ಒಂದೇ ಉತ್ತರ ಇಟ್ಟುಕೊಂಡಿದ್ದಾನೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಕಮರಿಯ ಅಂಚಿನಲ್ಲಿ ಮುನ್ನೂರು ಕುರಿಗಳೊಂದಿಗೆ ಮಂಜಿನಲ್ಲಿ ಸಿಕ್ಕಿಕೊಂಡಿದ್ದ. ಚಾಚಿದ ಕೈ ತನಗೇ ಕಾಣದಂಥ ಮಂಜು. ಸಿರ್ಮಾ ಊರ ಮೇಲಿನ ಬಂಡೆ ಹತ್ತಿ ನಿಂತು, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಬಿಡದೆ ಮಾತಾಡಿದಳು. ಕೂಗಲಿಲ್ಲ, ಮಾತಾಡಿದಳು. ಸೊಪ್ಪಿನ ಕಡುಬಿಗೆ ಎಷ್ಟು ಬೆಣ್ಣೆ ಹಾಕಬೇಕು ಎನ್ನುವುದರಿಂದ ಶುರುವಾಗಿ ಅತ್ತೆಯ ಮೇಲಿನ ದೂರುಗಳ ತನಕ ಎಲ್ಲವನ್ನೂ ಹೇಳಿದಳು. ಮುಂದಾಳು ಹೋತ ಆ ದನಿಯನ್ನೇ ಹಿಡಿದು ನಡೆಯಿತು, ಮಂದೆ ಹೋತವನ್ನು, ಗೂಶಾ ಮಂದೆಯನ್ನು. "ನನ್ ಹೆಂಡತಿ ಮಾತು ಜಾಸ್ತಿ ಅನ್ನೋರು ಮಂಜಲ್ಲಿ ನಿಂತವರಲ್ಲ" ಎನ್ನುತ್ತಾನೆ ಅವನು. ಅವನ ಬಾಯಿಂದ ಬರುವ ಅತ್ಯಂತ ಉದ್ದದ ವಾಕ್ಯ ಅದು.

ಇಂಥ ಹೆಂಗಸು ಒಬ್ಬಳ ಜೊತೆ ಮಾತ್ರ ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಳು. ಅವಳು ಬೇರೆ ಯಾರೂ ಅಲ್ಲ, ಪಕ್ಕದ ಮನೆಯ ಮಲಾಮಾ, ಸಿರ್ಮಾಳ ಒಡಹುಟ್ಟಿದ ತಂಗಿ.

ಇವರ ಅಪ್ಪ ಸ್ತೇರ್ಯೋನನ್ನು ಗಂಟೆ ಸ್ತೇರ್ಯೋ ಎಂದೇ ಎಲ್ಲರೂ ಕರೆಯುತ್ತಿದ್ದರು. ಕುರಿಗಳ ಕೊರಳಿಗೆ ಕಟ್ಟುವ ಗಂಟೆಗಳನ್ನು ಒಂದಕ್ಕೊಂದು ಹೊಂದುವ ಹಾಗೆ ಸಣ್ಣ ಸುತ್ತಿಗೆಯಲ್ಲಿ ಬಡಿದು ಶ್ರುತಿ ಮಾಡುತ್ತಿದ್ದ. ಅವನ ಮಂದೆ ಗುಡ್ಡ ಇಳಿಯುತ್ತಿದ್ದರೆ ಜನ ಮಾತು ನಿಲ್ಲಿಸಿ ಕೇಳುತ್ತಿದ್ದರು. ಸಿರ್ಮಾ ಕೂಡ, ಒಂದು ನಿಮಿಷ. ಮುಂದಾಳು ಹೋತದ ಕೊರಳಲ್ಲಿದ್ದ ದೊಡ್ಡ ಗಂಟೆ ಅವನ ಅಜ್ಜನ ಕಾಲದ್ದು. ಕೊನೆಯ ವರ್ಷಗಳಲ್ಲಿ ಅವನು ಮಲಾಮಾಳ ಮನೆಯಲ್ಲಿದ್ದ; ಗಂಟೆಯನ್ನು ಬಿಚ್ಚಿ ಅಲ್ಲೇ ಎತ್ತಿಟ್ಟಿದ್ದಾನೆಂದು ಸಿರ್ಮಾ ಅಂದುಕೊಂಡಿದ್ದಳು. ಅಪ್ಪ ಸತ್ತು ನಲವತ್ತನೇ ದಿನದ ಪ್ರಾರ್ಥನೆ ಮುಗಿಸಿ ಹುಡುಕಿದರೆ ಆ ಗಂಟೆ ಇಲ್ಲ. ಕಂಬಳಿ ಒಗೆಯುವ ಒರತೆಯ ಹತ್ತಿರ, ಇಪ್ಪತ್ತು ಹೆಂಗಸರ ಮುಂದೆ, ಸಿರ್ಮಾ ಸೊಂಟಕ್ಕೆ ಕೈಯಿಟ್ಟು ತಂಗಿಯನ್ನು ಕೇಳಿದಳು, ಗಂಟೆ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ. ಮಲಾಮಾ "ಅಕ್ಕಾ, ಅದೇನಾಯ್ತಂದ್ರೆ" ಅಂದಳು. ಸಿರ್ಮಾ ಅಷ್ಟಕ್ಕೇ ಹತ್ತು ಮಾತಾಡಿದಳು. ಮಲಾಮಾ ಮತ್ತೆ "ಅಕ್ಕಾ, ನನ್ ಮಾತು ಸ್ವಲ್ಪ" ಅಂದಳು. ಸಿರ್ಮಾ ಇಪ್ಪತ್ತು ಆಡಿದಳು. ಮಲಾಮಾ ಹಿಂಡದ ಕಂಬಳಿಯನ್ನು ಹಾಗೇ ಹೆಗಲಿಗೆ ಎಸೆದುಕೊಂಡು, ನೀರು ಸುರಿಸುತ್ತಾ ಮನೆಗೆ ಹೋದಳು. ಆಮೇಲೆ ಅಕ್ಕನ ಮುಖ ನೋಡಿ ಒಂದಕ್ಷರ ಆಡಲಿಲ್ಲ.

ಎರಡು ಅಂಗಳಗಳ ಮಧ್ಯೆ ಎದೆಮಟ್ಟದ ಕಲ್ಲುಗೋಡೆ. ಸಿರ್ಮಾ ತನ್ನ ಕೋಳಿಗಳಿಗೆ ಕಾಳು ಹಾಕುತ್ತಾ, "ಕೋಳಿಗಳೇ, ನಾಳೆ ಪಶು ಡಾಕ್ಟರು ಬರ್ತಾನಂತೆ, ಹೇಳಲಿಲ್ಲ ಅನ್ಬೇಡಿ" ಎನ್ನುತ್ತಿದ್ದಳು. ಆಚೆ ಕಡೆ ಮಲಾಮಾ ಕಿವಿಗೆ ಹಾಕಿಕೊಂಡು ಬೆಳಿಗ್ಗೆ ಮಂದೆಯನ್ನು ಹಟ್ಟಿಯಲ್ಲೇ ಉಳಿಸಿಕೊಳ್ಳುತ್ತಿದ್ದಳು. ಉತ್ತರ ಮಾತ್ರ ಬರುತ್ತಿರಲಿಲ್ಲ. ಹೇಳಿ ಮುಗಿದ ಮೇಲೂ ಸಿರ್ಮಾ ಗೋಡೆಯ ಹತ್ತಿರವೇ ಇನ್ನೊಂದಿಷ್ಟು ಕಾಳು ಚೆಲ್ಲುತ್ತಿದ್ದಳು. ಆದರೆ ತಾನೇ ಮೊದಲು ಮಾತಾಡುವುದೆಂದರೆ ಆಗದು. ಇಬ್ಬರೂ ಅದೇ ಅಪ್ಪನ ಮಕ್ಕಳು, ಹಟದಲ್ಲಿ ಒಬ್ಬಳಿಗಿಂತ ಒಬ್ಬಳು ಹೆಚ್ಚು.

ಈ ಬೇಸಿಗೆಯಲ್ಲಿ ಮೊಮ್ಮಗಳು ತಸೂಲಾಳ ಮದುವೆ ಬಂತು. ಹುಡುಗಿ ಇರುವುದು ಕೆಳಗೆ ಲಾರಿಸಾದಲ್ಲಿ, ಗಂಡು ಸಮುದ್ರದ ಕಡೆಯವನು. ಮದುವೆ ಮಾತ್ರ ಅಜ್ಜಿಯ ಊರಲ್ಲೇ ಆಗಬೇಕೆಂದು ಹಟ ಹಿಡಿದಳು. ಗಂಡಿನವರು ಎರಡು ಬಸ್ಸು ತುಂಬಿಕೊಂಡು ಬೆಟ್ಟ ಹತ್ತಿ ಬಂದರು. ಇಳಿದವರೇ ಕಂಡ ಕಂಡ ಒರತೆಗೆಲ್ಲ ಬೊಗಸೆಯೊಡ್ಡಿ ಕುಡಿದರು, ಹಲ್ಲು ಜುಮ್ಮೆಂದಿತೆಂದು ಕೂಗಿಕೊಂಡರು, ಮತ್ತೆ ಕುಡಿದರು.

ಆರ್ಮಿತ್ಸಾದಲ್ಲಿ ಏಳು ಒರತೆಗಳು. ಒಂದೊಂದಕ್ಕೂ ಒಂದೊಂದು ಕೆಲಸ. ಕಾಳು ಬೇಯಿಸಲು ಒಂದು, ಗಿಣ್ಣಿಗೆ ಒಂದು, ಉಣ್ಣೆ ತೊಳೆಯಲು ಒಂದು. ಊರ ಮೇಲೆ ಬಂಡೆಯ ಬುಡದಲ್ಲಿ ಹುಟ್ಟುವ ಮೇಲೊರತೆ ಮದುವೆಗೆ. ಮದುವೆಯ ರೊಟ್ಟಿಗೆ ಹಿಟ್ಟು ನಾದುವುದು ಅಲ್ಲಿಂದ ತಂದ ಮಾತಿಲ್ಲದ ನೀರಿನಲ್ಲೇ. ಅಂದರೆ, ಕೊಡ ತುಂಬಿದ ಗಳಿಗೆಯಿಂದ ಹಿಟ್ಟಿನ ಮರಿಗೆಗೆ ಸುರಿಯುವ ತನಕ ತರುವ ಹೆಂಗಸು ತುಟಿ ಬಿಚ್ಚಬಾರದು. ಬಿಚ್ಚಿದರೆ ನೀರು ಕೆಟ್ಟಿತು, ಚೆಲ್ಲಿ ಮತ್ತೆ ಹೋಗಬೇಕು. ಬಿಸಿಲು ಒರತೆಯ ಬಾಯಿಗೆ ಬಿದ್ದ ಮೇಲೆ ತುಂಬಿದ್ದು ಲೆಕ್ಕಕ್ಕಿಲ್ಲ. ದಾರಿಯಲ್ಲಿ ಗಂಡಸರು ಅವಳ ಬಾಯಿ ಬಿಡಿಸಲು ಏನು ಬೇಕಾದರೂ ಹೇಳಬಹುದು, ಮೈಮುಟ್ಟುವ ಹಾಗಿಲ್ಲ ಅಷ್ಟೇ. ಹಿಂದಿನವರು ಇಂಥ ಕೆಲಸಕ್ಕೆ ಮಾತು ಕಡಿಮೆಯ ಹೆಂಗಸರನ್ನು ನೋಡಿ ನೋಡಿ ಆರಿಸುತ್ತಿದ್ದರು. ಹಾಗಾಗಿ ಈ ಊರಿನ ಎಷ್ಟೋ ಮದುವೆಗಳಿಗೆ ನೀರು ತಂದವಳು ಮಲಾಮಾ.

"ನನ್ ಮದುವೆ ನೀರು ಸಿರ್ಮಜ್ಜಿನೇ ತರ್ಬೇಕು" ಅಂದಳು ತಸೂಲಾ.

ಅವಳಮ್ಮ ಯಾನೂಲಾ, ಅಂದರೆ ಸಿರ್ಮಾಳ ಮಗಳು, ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಏನೇ ನಿನಗೆ ತಲೆ ಕೆಟ್ಟಿದ್ಯಾ? ನಿಮ್ಮಜ್ಜಿ ನಿದ್ದೇಲೂ ಮಾತಾಡ್ತಾಳೆ."

"ನನ್ನ ಸಾಕಿದ್ದು ಅಜ್ಜಿ. ಜ್ವರ ಬಂದಾಗ ಬೆಳಗಿನ ತನಕ ಕತೆ ಹೇಳಿದ್ದು ಅಜ್ಜಿ. ಅಜ್ಜಿ ತಂದ ನೀರಲ್ಲೇ ನನ್ ರೊಟ್ಟಿ ಆಗ್ಬೇಕು. ಇಲ್ಲಾಂದ್ರೆ ನಲ್ಲಿ ನೀರಲ್ಲಿ ನಾದಿ."

"ನಲ್ಲಿ ನೀರಾ!" ಸಿರ್ಮಾ ಎದೆಗೆ ಕೈಯಿಟ್ಟುಕೊಂಡಳು. "ನನ್ ಕಣ್ಮುಂದೆ ನಲ್ಲಿ ನೀರಲ್ಲಿ ಮದುವೆ ರೊಟ್ಟಿನಾ? ತರ್ತೀನಿ ಕಣೇ ಚಿನ್ನ. ಅರ್ಧ ಗಂಟೆ ತಾನೆ? ಬಾಯಿಗೆ ಬೀಗ ಹಾಕ್ಕೊಂಡು ತರ್ತೀನಿ. ಅದೇನು ದೊಡ್ಡ ವಿಷಯ, ನಿಮ್ಮಜ್ಜ ದಿನವೆಲ್ಲಾ ಬಾಯಿ ಮುಚ್ಕೊಂಡಿರಲ್ವಾ, ನಾನು ಹೇಳ್ತೀನಿ ಕೇಳು, ಒಂದ್ಸಲ ಏನಾಯ್ತಂದ್ರೆ..."

ಯಾನೂಲಾ ಮಗಳ ಮುಖ ನೋಡಿದಳು. ತಸೂಲಾ ನಗುತ್ತಲೇ ಇದ್ದಳು. ಆದರೆ ಅವಳು ಹೇಳಿದ್ದು ತಮಾಷೆಗಲ್ಲವೆಂದು ಸಿರ್ಮಾಳಿಗೆ ಗೊತ್ತಿತ್ತು. ಹುಡುಗಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಮದುವೆಯ ಹಿಂದಿನ ದಿನ, ಬೆಳಕು ಹರಿಯುತ್ತಿದ್ದ ಹಾಗೆ, ಸಿರ್ಮಾ ತಾಮ್ರದ ಕೊಡ ಹಿಡಿದು ಮೇಲೊರತೆಗೆ ಹೋದಳು. ತುಂಬಿಕೊಂಡಳು, ಹೆಗಲಿಗೇರಿಸಿಕೊಂಡಳು, ತುಟಿಗಳನ್ನು ಒಳಕ್ಕೆಳೆದುಕೊಂಡು ಹಲ್ಲಿನಿಂದ ಕಚ್ಚಿ ಹಿಡಿದು ಇಳಿಯತೊಡಗಿದಳು. ಅರ್ಧ ದಾರಿ ಬಂದಿದ್ದಳು. ಉಣ್ಣೆ ಒರತೆಯ ಕಟ್ಟೆಯ ಮೇಲೆ ಕಾಫಿ ಅಂಗಡಿಯ ನಾಸ್ತೋ ಕೂತಿದ್ದ. ಸಿರ್ಮಾಳ ಜೊತೆಗೇ ಬೆಳೆದವನು. ಈ ದಿನಕ್ಕೆಂದೇ ಅಂಗಡಿ ಬಾಗಿಲು ಹಾಕಿ ಬಂದಿದ್ದ. ಪಕ್ಕದಲ್ಲಿ ಗಂಡಿನ ಅಪ್ಪ ಪಾಂದೆಲಿಸ್, ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಆಗಷ್ಟೇ ಒರತೆಯಿಂದ ತುಂಬಿಕೊಂಡ ಬಾಟಲಿ.

"ನಮಸ್ಕಾರ ತಾಯಿ" ಅಂದರು ಬೀಗರು. ಪಾಪ, ಅವರಿಗೆ ಈ ನೀರಿನ ವಿಷಯ ಒಂದೂ ಗೊತ್ತಿಲ್ಲ. "ಎಷ್ಟು ಚೆನ್ನಾಗಿದೆ ನಿಮ್ಮೂರ ನೀರು! ಈ ಒರತೆಗಳನ್ನೆಲ್ಲ ಯಾರು ಕಂಡುಹಿಡಿದ್ರು?"

ಜೀವಮಾನವಿಡೀ ಸಿರ್ಮಾ ಕಾಯುತ್ತಿದ್ದ ಪ್ರಶ್ನೆ ಅದು. ಊರಿಗೆ ಬಂದ ಯಾವ ಅತಿಥಿಯೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಅವಳು ಕಣ್ಣು ಮುಚ್ಚಿ ಮುಂದಕ್ಕೆ ಹೆಜ್ಜೆಯಿಟ್ಟಳು.

"ಅವಳನ್ನೇನು ಕೇಳ್ತೀರಿ ಬೀಗರೇ" ಅಂದ ನಾಸ್ತೋ. "ನಾನು ಹೇಳ್ತೀನಿ. ಆ ಮೇಲೊರತೆ ಇದೆಯಲ್ಲ, ಅದನ್ನ ಕಂಡುಹಿಡಿದಿದ್ದು ನಮ್ಮ ಮುತ್ತಜ್ಜ."

ಸಿರ್ಮಾಳ ಕಾಲು ನಿಂತಿತು.

"ಇವಳ ಮುತ್ತಜ್ಜ ಆಗ ಅಲ್ಲೇ ಇದ್ದ. ಮರದ ಕೆಳಗೆ ಮಲಗಿ ಗೊರಕೆ ಹೊಡೀತಿದ್ದ."

"ಗೊರಕೆ ಹೊಡೀತಿದ್ದಿದ್ದು ನಿಮ್ಮ ಮುತ್ತಜ್ಜ ಕಣೋ ನಾಸ್ತೋ!" ಮಂದೆ ಕೂಗುವ ದನಿ ಏಳೂ ಒರತೆಗಳಿಗೆ ಕೇಳಿಸಿತು. "ನಮ್ಮ ಮುತ್ತಜ್ಜನ ಹೋತ ಕಾಲಲ್ಲಿ ಕೆರೆದು ತೋರಿಸಿದ ಒರತೆ ಅದು! ನಿಮ್ಮೋರು ಆಮೇಲೆ ಬಂದು ಬಾಯಿ ಹಾಕಿ ಕುಡಿದ್ರು, ಅದೂ ಕೇಳದೆ! ಬೀಗರೇ, ಬನ್ನಿ ಇಲ್ಲಿ, ನಾನು ಹೇಳ್ತೀನಿ..."

ಅಷ್ಟು ಹೇಳಿದ ಮೇಲೆ ನಾಸ್ತೋನ ಹಲ್ಲು ಕಾಣಿಸಿತು. ಸಿರ್ಮಾ ಬಾಯಿ ಮುಚ್ಚಿದಳು. ಕೊಡ ಇಳಿಸಿ ಬಗ್ಗಿಸಿದಳು. ನೀರು ದಾರಿಯ ಕಲ್ಲುಗಳ ಮಧ್ಯೆ ಹರಿದುಹೋಗುವುದನ್ನು ನೋಡುತ್ತಾ ನಿಂತಳು. ನಾಸ್ತೋ ಗಹಗಹಿಸಿ ನಕ್ಕ. ಬೀಗರು ಏನು ತಪ್ಪಾಯಿತೆಂದು ಗಾಬರಿಯಾಗಿ ತಮ್ಮ ಬಾಟಲಿ ನೀರನ್ನೇ ಅವಳ ಕೊಡಕ್ಕೆ ಹಾಕಲು ಬಂದರು.

ಸಿರ್ಮಾಳಿಗೆ ನಗು ಬರಲಿಲ್ಲ. ತಲೆಯೆತ್ತಿ ಬೆಟ್ಟ ನೋಡಿದಳು. ಬಿಸಿಲು ಬಂಡೆಯ ನೆತ್ತಿಯಿಂದ ಕೆಳಗಿಳಿಯಲು ಶುರುವಾಗಿತ್ತು. ಇನ್ನು ಒಂದೇ ಸಲ. ಈಗಲೂ ತಪ್ಪಿದರೆ ಮಗುವಿನ ಮದುವೆಯ ರೊಟ್ಟಿ ನಲ್ಲಿಯ ನೀರಿನಲ್ಲಿ. ಇಷ್ಟು ವರ್ಷ ಎಲ್ಲರೂ ಆಡಿಕೊಂಡಿದ್ದನ್ನು ಅವಳು ನಕ್ಕು ತಳ್ಳಿಹಾಕಿದ್ದಳು. ಇವತ್ತು ಮೊದಲ ಸಲ ತನ್ನ ನಾಲಿಗೆಯ ಮೇಲೆ ತನಗೇ ಸಿಟ್ಟು ಬಂತು. ಅರವತ್ತೆಂಟು ವರ್ಷದ ಮೊಣಕಾಲುಗಳನ್ನು ಬೈಯುತ್ತಾ, ಬೈಯುವುದಿದ್ದರೆ ಈಗಲೇ ಬೈದು ಮುಗಿಸಬೇಕಲ್ಲ, ಅವಳು ಓಡಿದಳು. ಬಿಸಿಲು ಒರತೆಗೆ ಒಂದು ಮೊಳ ದೂರವಿದ್ದಾಗ ಕೊಡ ತುಂಬಿತು.

ಈ ಸಲ ತಲೆಗೆ ಕಟ್ಟಿದ ವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಇಳಿದಳು. ನಾಸ್ತೋ ಬಿಡಲಿಲ್ಲ. "ಸಿರ್ಮಕ್ಕಾ, ಹೋದ ವರ್ಷ ನಿನ್ ಗಿಣ್ಣು ಉಪ್ಪಾಗಿತ್ತು!" ಅಂದ. ಅವಳು ಬಟ್ಟೆ ಕಚ್ಚಿದಳು. "ನಿನ್ ಗಂಡ ಅಂಗಡೀಲಿ ಕೂತು ನಮ್ ಜೊತೆ ಗಂಟೆಗಟ್ಲೆ ಮಾತಾಡ್ತಾನೆ, ಗೊತ್ತಾ? ನಿನ್ ಹತ್ರ ಮಾತ್ರ ಮೂಗ!" ಅಂದ. ಅದು ಎಂಥ ಹಸಿ ಸುಳ್ಳೆಂದರೆ ಅವಳ ಕಣ್ಣಲ್ಲಿ ನೀರು ಬಂತು. ಆದರೂ ಅವಳು ಬಾಯಿ ಬಿಡಲಿಲ್ಲ. ನಾಸ್ತೋ ಬೆರಗಾಗಿ ಟೋಪಿ ತೆಗೆದ. ಸಿರ್ಮಾ ತಲೆಯೆತ್ತಿ ಅವನನ್ನು ದಾಟಿ ನಡೆದಳು. ಗೆದ್ದೆ ಅಂದುಕೊಂಡಳು. ಮುಂದೆ ಮಲಾಮಾಳ ಹುಲ್ಲುಗಾವಲಿನ ಬೇಲಿ, ಅದಾದ ಮೇಲೆ ಇಗರ್ಜಿ, ಅದಾದ ಮೇಲೆ ಮನೆ.

"ಅಕ್ಕಾ."

ಸಿರ್ಮಾಳ ಹೆಗಲ ಮೇಲಿನ ಕೊಡ ತುಳುಕಿತು. ಬೇಲಿಯ ಹತ್ತಿರ ಮಲಾಮಾ ನಿಂತಿದ್ದಳು. ಕಪ್ಪು ಲಂಗ, ಮೊದಲಿಗಿಂತ ಬೆಳ್ಳಗಾದ ತಲೆ. ಹತ್ತೊಂಬತ್ತು ವರ್ಷದಿಂದ ಗೋಡೆಯಾಚೆ ಕೆಮ್ಮಿದ್ದು ಸೀನಿದ್ದು ಬಿಟ್ಟರೆ ಆ ಗಂಟಲಿನಿಂದ ತನ್ನ ಕಡೆಗೆ ಒಂದು ಸದ್ದೂ ಬಂದಿರಲಿಲ್ಲ. ಇವತ್ತೇ ಬರಬೇಕೇ? ಮೊದಲು ಹೊಳೆದದ್ದು ಇದು ನಾಸ್ತೋನ ಕಿತಾಪತಿ ಎಂದು. ಕೊನೆಗೆ ತಂಗಿಯನ್ನೂ ಎಳೆದು ತಂದನಲ್ಲ, ಇಂಥ ನೀಚತನವೇ! ಸಿಟ್ಟಿಗೆ ಕಿವಿ ಬಿಸಿಯಾಯಿತು. ಬಟ್ಟೆಯ ತುದಿ ಬಾಯಿಂದ ಜಾರಿತು.

ಮಲಾಮಾ ಎರಡು ಹೆಜ್ಜೆಯಲ್ಲಿ ಬಂದು ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. "ಮಾತಾಡ್ಬೇಡ! ಮಗು ಮದುವೆ ನೀರು. ನಡಿ, ನಿಲ್ಬೇಡ. ನನ್ನ ಯಾರೂ ಕಳಿಸಿಲ್ಲ, ನಾನೇ ಬಂದೆ. ನೀನು ನೀರು ತರ್ತೀಯ ಅಂತ ಗೊತ್ತಾದ ದಿನದಿಂದ ಕಾಯ್ತಿದೀನಿ. ನೀನು ಬಾಯಿ ಮುಚ್ಚಿರೋ ಅರ್ಧ ಗಂಟೆ ನನಗೆ ಇನ್ಯಾವಾಗ ಸಿಗುತ್ತೆ ಹೇಳು? ಹೇಳ್ಬೇಡ, ಹೇಳ್ಬೇಡ, ಸುಮ್ನೆ ನಡಿ."

ಸಿರ್ಮಾ ನಡೆದಳು. ಪಕ್ಕದಲ್ಲಿ ಮಲಾಮಾ.

"ಆ ಗಂಟೆ ನಾನು ತಗೊಂಡಿಲ್ಲ ಅಕ್ಕಾ. ಅಪ್ಪನೇ ಕೊಟ್ಬಿಟ್ಟ. ಸಾಯೋ ಹಿಂದಿನ ಬೇಸಿಗೇಲಿ ಕಣಿವೆ ದಾರೀಲಿ ಬೇರೆ ಬೆಟ್ಟದ ಒಬ್ಬ ಕುರಿಗಾರ ಸಿಕ್ಕಿದ್ದ, ಹೊಸದಾಗಿ ಮಂದೆ ಕಟ್ಟಿದೋನು. ಅವನ ಹೋತದ ಕೊರಳಿಗೆ ಅಪ್ಪನೇ ತನ್ ಕೈಯಾರೆ ಕಟ್ಟಿದ. ನಾನು ಜೊತೇಲಿದ್ದೆ. ಯಾಕಪ್ಪಾ ಅಂತ ಅತ್ತೆ. ಕೇಳೋ ಕಿವಿ ಇರೋ ಕಡೆ ಹೋಗ್ಲಿ ಬಿಡು ಅಂದ."

ಸಿರ್ಮಾ ತಿರುಗಿ ನೋಡಿದಳು. ಅವಳ ಹುಬ್ಬುಗಳು ಕೇಳಬೇಕಾದದ್ದನ್ನೆಲ್ಲ ಕೇಳುತ್ತಿದ್ದವು.

"ಅಪ್ಪಂಗೆ ಕಿವಿ ಹೋಗಿತ್ತು ಅಕ್ಕಾ. ಪೂರ್ತಿ. ಎರಡು ವರ್ಷ."

ಈ ಸಲ ಕೊಡವೇ ಜಾರುತ್ತಿತ್ತು. ಮಲಾಮಾ ಅಡಿಗೆ ಕೈ ಕೊಟ್ಟಳು. ಇಬ್ಬರೂ ಒಂದು ಗಳಿಗೆ ಕೊಡ ಹಿಡಿದುಕೊಂಡೇ ನಿಂತರು. ಸಿರ್ಮಾಳ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಆ ಎರಡು ವರ್ಷ ಅವಳು ಪ್ರತಿ ಸಂಜೆ ಅಪ್ಪನ ಹತ್ತಿರ ಕೂತು ಮಾತಾಡಿದ್ದಳು. ಅಪ್ಪ ನಗುತ್ತಿದ್ದ, ಹೌದು ಹೌದು ಎನ್ನುತ್ತಿದ್ದ, ತಲೆಯಾಡಿಸುತ್ತಿದ್ದ. ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಇನ್ನೊಬ್ಬರಿಲ್ಲ ಎಂದು ಅವಳು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

"ಒಂದಕ್ಷರಾನೂ ಕೇಳಿಸ್ತಿರ್ಲಿಲ್ಲ" ಅಂದಳು ಮಲಾಮಾ. ಅವಳಿಗೆ ನಗುವೂ ಬರುತ್ತಿತ್ತು, ಅಳುವೂ. "ನಿನ್ನ ಹತ್ರ ಮಾತ್ರ ಸಿಕ್ಕಿಬೀಳೋ ಭಯ ಇರ್ಲಿಲ್ಲ ಅವನಿಗೆ. ಅವಳು ಉತ್ತರ ಕೇಳಲ್ಲ, ಅದೇ ಒಳ್ಳೇದು ಅಂತಿದ್ದ. ಸಿರ್ಮಾ ಮಾತಾಡುವಾಗ ಮುಖ ನೋಡ್ತಾ ಕೂತ್ರೆ ಸಾಕು, ನಮ್ಮಮ್ಮನ್ನೇ ನೋಡಿದಂಗಾಗುತ್ತೆ ಅಂತಿದ್ದ. ದಿನಾ ಸಂಜೆ ನೀನು ಬರೋ ಹೊತ್ತಿಗೆ ಬಾಗಿಲ ಕಡೇನೇ ಕೂತಿರ್ತಿದ್ದ. ಮರ್ತ್ಬಿಟ್ಯಾ?"

ಸಿರ್ಮಾ ಮರೆತಿರಲಿಲ್ಲ. ಕಣ್ಣೀರು ಧಾರೆಯಾಗಿ ಇಳಿಯಿತು. ಬಿಕ್ಕಿದರೂ ಅದು ಮಾತೆಂದು ಯಾರಾದರೂ ಅಂದುಬಿಟ್ಟಾರೆಂದು ಅವಳು ಉಸಿರು ಬಿಗಿಹಿಡಿದು ಅತ್ತಳು.

"ಗಂಟೆ ಸ್ತೇರ್ಯೋ ಕಿವುಡನಾದ ಅಂತ ಬೆಟ್ಟಕ್ಕೆಲ್ಲ ಗೊತ್ತಾದ್ರೆ ತಲೆ ಎತ್ತೋದು ಹೆಂಗೆ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡ. ಮುಖ್ಯವಾಗಿ ನಿನಗೆ ಹೇಳಬಾರದು ಅಂತ. ನಿನಗೆ ಹೇಳಿದ್ರೆ ಬೆಟ್ಟಕ್ಕೆ ಹೇಳಿದಂಗೇ ಅಲ್ವಾ? ಅಪ್ಪ ಹೋದ್ಮೇಲೆ ನಿನಗೊಬ್ಬಳಿಗೇ ಹೇಳೋಣ ಅಂತಿದ್ದೆ. ನೀನು ಅಷ್ಟು ಜನದ ಮುಂದೆ ಕೇಳ್ದೆ. ಅಲ್ಲಿ ಹೇಳೋಕಾಗುತ್ತಾ? ಬಾಯಿ ತೆಗೆಯೋಕೂ ಬಿಡ್ಲಿಲ್ಲ ನೀನು. ಸಿಟ್ಟು ಬಂತು. ಆದ್ರೆ ತಪ್ಪು ನನ್ನದೂ ಇದೆ ಅಕ್ಕಾ. ಮಾರನೇ ದಿನ ಗೋಡೆ ಹತ್ರ ಕರೆದು ಹೇಳ್ಬಹುದಿತ್ತು. ಹಟ ಮಾಡಿದೆ. ಇವತ್ತು ಕರೀತೀನಿ, ನಾಳೆ ಕರೀತೀನಿ ಅಂತ ಇಷ್ಟು ವರ್ಷ ಆಗೋಯ್ತು. ನೀನು ಕೋಳಿಗೆ ಹೇಳೋದನ್ನೆಲ್ಲ ಕೇಳ್ತಿದ್ದೆ. ಒಂದು ದಿನ ನೀನು ಹೇಳ್ದೇ ಇದ್ರೆ ಊಟ ಸೇರ್ತಿರ್ಲಿಲ್ಲ."

ಸಿರ್ಮಾಳ ಒಂದು ಕೈ ಕೊಡದ ಮೇಲಿತ್ತು. ಇನ್ನೊಂದು ಕೈಯಿಂದ ತಂಗಿಯ ಕೈಯನ್ನು ಹುಡುಕಿ ಹಿಡಿದುಕೊಂಡಳು. ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದಳು. ಮಲಾಮಾ ಬಿಡಿಸಿಕೊಳ್ಳಲಿಲ್ಲ.

ಹೇಳಬೇಕಾದದ್ದು ಮುಗಿಯಿತು. ದಾರಿ ಮಾತ್ರ ಇನ್ನೂ ಉಳಿದಿತ್ತು. ಮಾತು ಕಡಿಮೆಯೆಂದು ಹೆಸರಾದ ಮಲಾಮಾಳಿಗೆ ಅವತ್ತು ಬಾಯಿಗೆ ರುಚಿ ಹತ್ತಿತ್ತು. ಹುಟ್ಟಿದಾಗಿನಿಂದ ಅಕ್ಕನ ಪಕ್ಕದಲ್ಲಿ ಒಂದು ಕತೆಯನ್ನೂ ಕೊನೆ ಮುಟ್ಟಿಸದವಳು ಅವಳು. ಮೊಣಕಾಲಿನ ಆಪರೇಷನ್ನಿನ ಬಗ್ಗೆ ಹೇಳಿದಳು. ಸೊಸೆಯ ಬಗ್ಗೆ ಹೇಳಿದಳು. ಬಯಲಿನ ಚಳಿಗಾಲದಲ್ಲಿ ಹಟ್ಟಿಗೆ ಬಂದ ಹೊಸ ಪಶು ಡಾಕ್ಟರನ ಬಗ್ಗೆ ಶುರುಮಾಡಿದಳು. "ಬಿಳಿ ಕೋಟು ಹಾಕ್ಕೊಂಡು ಬಂದಿದ್ದ ಅಕ್ಕಾ, ಇನ್ನೂ ಮೀಸೆ ಮೂಡ್ತಿರೋ ಹುಡ್ಗ. ನಮ್ ಟಗರಿಗೆ ಬಿಳಿ ಬಟ್ಟೆ ಕಂಡ್ರಾಗಲ್ಲ. ಸೂಜಿ ತೆಗೆದ ನೋಡು, ಟಗರು ಹಿಂದಿಂದ ಬಂತು..."

ಸಿರ್ಮಾಳಿಗೆ ಅಳುವಿನ ಮಧ್ಯೆ ನಗು ನುಗ್ಗಿ ಬಂತು. ಅದನ್ನೂ ನುಂಗಬೇಕಾಯಿತು. ಇಗರ್ಜಿಯ ಹತ್ತಿರ ಒಂಟಿಕಾಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದವನು ಈ ಇಬ್ಬರನ್ನು ಕೈ ಕೈ ಹಿಡಿದ ಹಾಗೆ ಕಂಡು ಗೋಡೆಯಿಂದ ಕೆಳಗಿಳಿದ. ಹೆಂಗಸರು ಕಿಟಕಿಗಳಿಗೆ ಬಂದರು. ಮಲಾಮಾ ಮಾತಾಡುತ್ತಿದ್ದಾಳೆ, ಸಿರ್ಮಾ ಬಾಯಿ ಮುಚ್ಚಿಕೊಂಡು ಬರುತ್ತಿದ್ದಾಳೆ! ಬೆಟ್ಟ ಎಡಬದಿಯಿಂದ ಬಲಬದಿಗೆ ಎದ್ದು ಕೂತಿದ್ದರೂ ಅವರು ಅಷ್ಟು ಬೆರಗಾಗುತ್ತಿರಲಿಲ್ಲ. ಯಾರೂ ತಮಾಷೆ ಮಾಡಲಿಲ್ಲ, ಯಾರೂ ಅವಳ ಬಾಯಿ ಬಿಡಿಸಲು ನೋಡಲಿಲ್ಲ. ಹಿಂದೆ ಬರುತ್ತಿದ್ದ ನಾಸ್ತೋ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಬಾಯಿ ಬಿಡಲು ಹೋದ ಬೀಗರನ್ನು ಅವನೇ ಮೊಣಕೈಯಲ್ಲಿ ತಿವಿದು ಸುಮ್ಮನಾಗಿಸಿದ.

"ಆ ಡಾಕ್ಟರು ಎಂಥಾ ಓಟ ಓಡಿದ ಅಂತೀಯ! ಬ್ಯಾಗು ಒಂದು ಕಡೆ, ಬೂಟು ಒಂದು ಕಡೆ. ಕೊನೆಗೆ ನಮ್ ಕೋಳಿಗೂಡಿನ ಮೇಲೆ ಹತ್ತಿ ಕೂತ. ಟಗರು ಕೆಳಗೆ ನಿಂತಿದೆ..."

ಅಷ್ಟರಲ್ಲಿ ಮನೆಯ ಹೊಸ್ತಿಲು ಬಂತು. ಹೆಂಗಸರು ಇಬ್ಬರನ್ನೂ ಒಳಕ್ಕೆಳೆದುಕೊಂಡರು. ಮರಿಗೆಯ ಸುತ್ತ ಮನೆ ತುಂಬಾ ಜನ. ನಡುವೆ ಮದುಮಗಳು, ಎರಡೂ ಕೈ ಗಲ್ಲಕ್ಕೊತ್ತಿಕೊಂಡು, ಉಸಿರಾಡಲೂ ಹೆದರಿ ನಿಂತಿದ್ದಳು. ಬಿಳಿ ಹಿಟ್ಟಿನ ಗುಡ್ಡೆಯ ನಡುವೆ ಗುಳಿ ತೋಡಿತ್ತು. ಸಿರ್ಮಾ ಕೊಡ ಬಾಗಿಸಿದಳು. ಮೇಲೊರತೆಯ ನೀರು ತಣ್ಣಗೆ ಸದ್ದು ಮಾಡುತ್ತಾ ಹಿಟ್ಟಿಗಿಳಿಯಿತು, ಕೊನೆಯ ಹನಿಯ ತನಕ.

"ಅಜ್ಜಿ!" ತಸೂಲಾ ಕಿರುಚಿ ಅವಳ ಕೊರಳಿಗೆ ಬಿದ್ದಳು. ಯಾರೋ ಸೌಟಿನಿಂದ ತಪ್ಪಲೆ ಬಡಿದರು. ಹೊರಗಿನಿಂದ ಗೂಶಾನ ಸಿಳ್ಳೆ ಕೇಳಿಸಿತು. ಆಮೇಲೆ ಎಲ್ಲರೂ ಸಿರ್ಮಾಳ ಕಡೆಗೆ ತಿರುಗಿದರು. ಇನ್ನು ಅವಳು ಮಾತಾಡಬಹುದು. ಎರಡು ಕೊಡಗಳಷ್ಟು ಹೊತ್ತಿನ ಮಾತು ಒಳಗೆ ಕೂಡಿತ್ತು. ಮೊದಲು ನಾಸ್ತೋನ ಮುತ್ತಜ್ಜನ ಗೊರಕೆಯೋ, ಗಿಣ್ಣಿನ ಉಪ್ಪೋ, ಏನು ಸಿಡಿಯುತ್ತದೆಂದು ಎಲ್ಲರೂ ಕಿವಿ ಗಟ್ಟಿಮಾಡಿಕೊಂಡು ನಿಂತರು.

ಸಿರ್ಮಾ ಮೊಮ್ಮಗಳ ಹಣೆಗೆ ಮುತ್ತಿಟ್ಟಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ತಂಗಿಯನ್ನು ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಅವಳ ಮುಖಕ್ಕೆ ಮುಖ ಕೊಟ್ಟು ಕೇಳಿದಳು:

"ಆಮೇಲೆ? ಆ ಡಾಕ್ಟರು ಕೆಳಗಿಳಿದ್ನೋ ಇಲ್ವೋ?"

ಮಲಾಮಾ ಅಕ್ಕನನ್ನೇ ನೋಡಿದಳು. ಬೆಂಚಿನ ಮೇಲೆ ಇನ್ನಷ್ಟು ಹತ್ತಿರ ಸರಿದಳು.

"ಹೇಳ್ತೀನಿ. ಮಧ್ಯ ಬಾಯಿ ಹಾಕ್ಬಾರದು."

"ಹಾಕಲ್ಲ. ಹೇಳು."

ಮಲಾಮಾ ಹೇಳಿದಳು. ಅದು ಸಣ್ಣ ಕತೆಯೇನಲ್ಲ, ಹಿಟ್ಟು ಉಬ್ಬುವಷ್ಟು ಹೊತ್ತು ಹಿಡಿಯಿತು. ಸಿರ್ಮಾ ಕೊನೆಯವರೆಗೂ ಕೇಳಿದಳು.